ಬೂಷ್ಟಿನ ಕಮ್ಮಟದಲ್ಲಿ ಕೊಲೆಸ್ಟರಾಲ್ ಮದ್ದು: ಶಿಲೀಂಧ್ರದ ಕಿಣ್ವಗಳು ಕೆಲಸ ಮಾಡುವ ಬಗೆ

ಹೃದಯಾಘಾತದಿಂದ ಪಾರಾದವರಿಗೆ, ರಕ್ತದಲ್ಲಿ ಕೊಲೆಸ್ಟರಾಲ್ ಏರಿದವರಿಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಮಾತ್ರೆಗಳ ಸಾಲಿನಲ್ಲಿ ಸ್ಟ್ಯಾಟಿನ್‌ಗಳಿಗೆ ಅಗ್ರಸ್ಥಾನವಿದೆ. ಈ ಔಷಧ ಕುಟುಂಬದ ಮೂಲಪುರುಷ ಯಾವುದೇ ರಸಾಯನ ವಿಜ್ಞಾನಿಯ ಕಲ್ಪನೆಯಿಂದ ಹುಟ್ಟಿದ್ದಲ್ಲ, ಬೂಷ್ಟಿನಿಂದ ಹುಟ್ಟಿದ್ದು. 1987ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಮೊಟ್ಟಮೊದಲ ಸ್ಟ್ಯಾಟಿನ್ ಆದ ಲೋವಾಸ್ಟ್ಯಾಟಿನ್, ಮಣ್ಣಿನಲ್ಲಿ ಬೆಳೆಯುವ ಆಸ್ಪರ್ಜಿಲ್ಲಸ್ ಟೆರಿಯಸ್ ಎಂಬ ಶಿಲೀಂಧ್ರದ ಸೃಷ್ಟಿ. 24 ಇಂಗಾಲ, 36 ಜಲಜನಕ ಹಾಗೂ 5 ಆಮ್ಲಜನಕ ಪರಮಾಣುಗಳು ಸೇರಿ ಆಗಿರುವ ಈ ಅಣುವಿನಲ್ಲಿ ಮೂರು ಉಂಗುರಗಳಿವೆ. ಎಡಗೈ-ಬಲಗೈಗಳಂತೆ ಎರಡು ಬಗೆಯಲ್ಲಿ ಜೋಡಣೆಯಾಗಬಹುದಾದ ಇಂಗಾಲದ ಕೇಂದ್ರಗಳೇ ಎಂಟಿವೆ. ಪ್ರತಿಯೊಂದು ಕೇಂದ್ರದಲ್ಲೂ ಕೈ ತಪ್ಪದಂತೆ ಇದನ್ನು ಪ್ರಯೋಗಶಾಲೆಯಲ್ಲಿ ಕಟ್ಟುವುದು ನುರಿತವರಿಗೂ ಸಾಹಸವೇ ಸರಿ. ಬೂಷ್ಟಾದರೋ ಇದನ್ನು ಸಾಧಾರಣ ಉಷ್ಣತೆಯಲ್ಲಿ, ನೀರಿನಲ್ಲಿ, ಕೆಲವೇ ಕಿಣ್ವಗಳ ನೆರವಿನಿಂದ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಅದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ದಶಕಗಳೇ ಬೇಕಾದವು. ಉತ್ತರದ ಬಹುಭಾಗ ಈಗ ಕೈಗೆ ಬಂದಿದೆ. ಬಂದಿರುವಷ್ಟರಿಂದಲೇ ಔಷಧ ತಯಾರಿಕೆಯ ವಿಧಾನ ಬದಲಾಗಿದೆ, ಹೊಸದೊಂದು ಕಳೆನಾಶಕವೂ ಪತ್ತೆಯಾಗಿದೆ.

ಆರು ಸಾವಿರ ಬೂಷ್ಟುಗಳ ಶೋಧ

ಕಥೆ ಆರಂಭವಾಗುವುದು ಜಪಾನಿನಲ್ಲಿ. ಅಕಿತ ಪ್ರಾಂತ್ಯದ ರೈತ ಕುಟುಂಬದಲ್ಲಿ 1933ರಲ್ಲಿ ಜನಿಸಿದ ಅಕಿರಾ ಎಂಡೊ, ಸಾಂಕ್ಯೊ ಎಂಬ ಔಷಧ ಕಂಪನಿಯಲ್ಲಿ ಸಂಶೋಧಕರಾಗಿದ್ದರು. ಮನುಷ್ಯನ ದೇಹಕ್ಕೆ ಬೇಕಾದ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯ ಸರಣಿಯಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವದ್ದು ಬಾಗಿಲು ಕಾಯುವ ಕೆಲಸ. ಅದನ್ನು ತಡೆದರೆ ಕೊಲೆಸ್ಟರಾಲ್ ಇಳಿಯುತ್ತದೆ. ಶಿಲೀಂಧ್ರಗಳಿಗೂ ಕೊಲೆಸ್ಟರಾಲಿನ ಹತ್ತಿರದ ಸಂಬಂಧಿಯಾದ ಎರ್ಗೊಸ್ಟೆರಾಲ್ ಎಂಬ ವಸ್ತು ಬೇಕು, ಅದೂ ಇದೇ ಸರಣಿಯಲ್ಲಿಯೇ ತಯಾರಾಗುತ್ತದೆ. ಹಾಗಿದ್ದ ಮೇಲೆ ತನ್ನ ಎದುರಾಳಿಯ ಉಸಿರು ಕಟ್ಟಿಸಲು ಯಾವುದಾದರೊಂದು ಬೂಷ್ಟು ಈ ಕಿಣ್ವವನ್ನು ತಡೆಯುವ ವಸ್ತುವನ್ನು ಸ್ರವಿಸುತ್ತಿರಬಹುದಲ್ಲವೇ? ಎಂಡೊ ಅವರ ತರ್ಕ ಇಷ್ಟೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಮೇಲೆ ಎಳವೆಯಿಂದಲೂ ಅವರಿಗಿದ್ದ ಅಭಿಮಾನ ಈ ಹಾದಿ ತುಳಿಯಲು ಪ್ರೇರಣೆಯಾಯಿತು.

1971ರಲ್ಲಿ ಶುರುವಾದ ಈ ಶೋಧದಲ್ಲಿ 6000ಕ್ಕೂ ಹೆಚ್ಚು ಬೂಷ್ಟುಗಳನ್ನು ಒಂದೊಂದಾಗಿ ಬೆಳೆಸಿ, ಅವುಗಳ ರಸವನ್ನು ಪರೀಕ್ಷಿಸಲಾಯಿತು. 1973ರಲ್ಲಿ ಪೆನಿಸಿಲಿಯಂ ಸಿಟ್ರಿನಂ ಎಂಬ ಬೂಷ್ಟಿನಲ್ಲಿ ಕಾಂಪ್ಯಾಕ್ಟಿನ್ ದೊರಕಿತು. ಆ ಬೂಷ್ಟು ಬಂದದ್ದಾದರೂ ಎಲ್ಲಿಂದ? ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಿಂದ.

ಮುಂದಿನ ದಾರಿ ಸುಗಮವಾಗಿರಲಿಲ್ಲ. ಇಲಿಗಳಿಗೆ ಕೊಟ್ಟಾಗ ಕಾಂಪ್ಯಾಕ್ಟಿನ್ ಕೊಲೆಸ್ಟರಾಲನ್ನು ಇಳಿಸಲಿಲ್ಲ. ಮೊಟ್ಟೆಯಿಡುವ ಕೋಳಿಗಳ ಮೇಲೆ ಪ್ರಯೋಗಿಸಿದಾಗ ಫಲ ಕಂಡಿತು. 1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ, ಆನುವಂಶಿಕವಾಗಿ ತೀವ್ರ ಕೊಲೆಸ್ಟರಾಲ್ ತೊಂದರೆಯಿದ್ದ ರೋಗಿಗೆ ಇದನ್ನು ಮೊದಲ ಬಾರಿ ನೀಡಿದರು. ಆದರೆ ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಅನುಮಾನಗಳು ಎದ್ದು, 1980ರಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಅಮೆರಿಕದ ಮರ್ಕ್ ಕಂಪನಿ 1978ರಲ್ಲಿ ಆಸ್ಪರ್ಜಿಲ್ಲಸ್ ಟೆರಿಯಸ್‌ನಿಂದ ಲೋವಾಸ್ಟ್ಯಾಟಿನ್ ಪಡೆದಿತ್ತು. ಸಾಂಕ್ಯೊ ತೊರೆದಿದ್ದ ಎಂಡೊ ಕೂಡ 1979ರಲ್ಲಿ ಮೊನಾಸ್ಕಸ್ ಎಂಬ ಕೆಂಪು ಬೂಷ್ಟಿನಲ್ಲಿ ಅದೇ ವಸ್ತುವನ್ನು ಕಂಡು, ಮೊನಾಕೊಲಿನ್-ಕೆ ಎಂದು ಹೆಸರಿಟ್ಟಿದ್ದರು. ಒಂದೇ ಅಣು, ಎರಡು ಬೂಷ್ಟು, ಎರಡು ಹೆಸರು. ಕಾಂಪ್ಯಾಕ್ಟಿನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಮಿಥೈಲ್ ಗುಂಪು ಮಾತ್ರ.

ಎಂಡೊ ಅವರಿಗೆ 2008ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ನೊಬೆಲ್ ಬರಲಿಲ್ಲ. 2024ರ ಜೂನ್‌ನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ಅವರು ನಿಧನರಾದರು. ಕೋಟ್ಯಂತರ ಜನ ದಿನವೂ ನುಂಗುವ ಗುಳಿಗೆಯ ಹಿಂದಿನ ಈ ಹೆಸರು ಸಾಮಾನ್ಯ ಓದುಗರಿಗೆ ಇಂದಿಗೂ ಅಪರಿಚಿತವಾಗಿಯೇ ಉಳಿದಿರುವುದು ವಿಷಾದದ ಸಂಗತಿ.

ಹೂವಿನ ದಂಡೆಯಂತೆ ಎರಡೆರಡು ಇಂಗಾಲ

ಕಿಣ್ವವೆಂದರೆ ಜೀವಕೋಶದೊಳಗೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು. ಶಾಲಾ ಪಠ್ಯಗಳಲ್ಲಿ ಬರುವ ಕಿಣ್ವಗಳು ಸಾಮಾನ್ಯವಾಗಿ ಒಂದೊಂದೇ ಕೆಲಸ ಮಾಡುತ್ತವೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಅಲ್ಲಿಗೆ ಅದರ ಕರ್ತವ್ಯ ಮುಗಿಯಿತು. ಲೋವಾಸ್ಟ್ಯಾಟಿನ್ ಕಟ್ಟುವ ಮುಖ್ಯ ಕಿಣ್ವ ಆ ಜಾತಿಯದಲ್ಲ. ಲೋವ್-ಬಿ ಎಂಬ ಹೆಸರಿನ ಅದು 3000ಕ್ಕೂ ಹೆಚ್ಚು ಅಮೈನೋ ಆಮ್ಲಗಳನ್ನು ಪೋಣಿಸಿ ಆದ ದೈತ್ಯ ಪ್ರೋಟೀನು. ಅದರೊಳಗೆ ಹಲವು ವಿಭಾಗಗಳಿದ್ದು, ಪ್ರತಿಯೊಂದೂ ಬೇರೆ ಬೇರೆ ಕಸಬು ಬಲ್ಲದ್ದು. ಒಂದೇ ಸೂರಿನಡಿ ಬಡಗಿ, ಕಮ್ಮಾರ, ಅಕ್ಕಸಾಲಿಗರೆಲ್ಲ ಕುಳಿತ ಕಮ್ಮಟ ಎನ್ನಬಹುದು.

ಈ ಬಗೆಯ ಕಿಣ್ವಗಳಿಗೆ ಪಾಲಿಕೀಟೈಡ್ ಸಿಂಥೇಸ್ ಎಂದು ಹೆಸರು. ನಮ್ಮ ದೇಹದಲ್ಲಿ ಕೊಬ್ಬಿನಾಮ್ಲ ತಯಾರಿಸುವ ಕಿಣ್ವವೂ ಇವುಗಳ ದಾಯಾದಿಯೇ. ಹೂ ಮಾರುವವರು ಎರಡೆರಡು ಮೊಗ್ಗು ಇಟ್ಟು ದಂಡೆ ಕಟ್ಟುವಂತೆ ಎರಡೂ ಕಿಣ್ವಗಳು ಎರಡೆರಡು ಇಂಗಾಲದ ತುಣುಕುಗಳನ್ನು ಸೇರಿಸುತ್ತ ಸರಪಳಿ ಬೆಳೆಸುತ್ತವೆ. ಪ್ರತಿ ಸಲ ತುಣುಕು ಸೇರಿದಾಗ ಸರಪಳಿಯಲ್ಲಿ ಆಮ್ಲಜನಕ ಅಂಟಿಕೊಂಡಿರುವ ಒಂದು ತಾಣ ಉಳಿಯುತ್ತದೆ. ಅದನ್ನು ಮೂರು ಹಂತಗಳಲ್ಲಿ ತಿದ್ದಬಹುದು. ಮೊದಲ ಹಂತದಲ್ಲಿ ಜಲಜನಕ ಸೇರಿ ಆ ಆಮ್ಲಜನಕ ಹೈಡ್ರಾಕ್ಸಿಲ್ ಗುಂಪಾಗುತ್ತದೆ. ಎರಡನೆಯದರಲ್ಲಿ ನೀರಿನ ಅಣುವೊಂದು ಹೊರಬಿದ್ದು ದ್ವಿಬಂಧ ಉಳಿಯುತ್ತದೆ. ಮೂರನೆಯದರಲ್ಲಿ ದ್ವಿಬಂಧಕ್ಕೂ ಜಲಜನಕ ಸೇರಿ ಅದು ಸಾದಾ ಏಕಬಂಧವಾಗುತ್ತದೆ.

ಕೊಬ್ಬಿನಾಮ್ಲದ ಕಿಣ್ವ ಪ್ರತಿ ಸುತ್ತಿನಲ್ಲೂ ಮೂರೂ ಹಂತಗಳನ್ನು ಚಾಚೂ ತಪ್ಪದೆ ಮುಗಿಸುತ್ತದೆ. ಆದ್ದರಿಂದ ಸಿಗುವುದು ಉದ್ದನೆಯ, ಏಕತಾನದ ಕೊಬ್ಬಿನ ಸರಪಳಿ. ಬೂಷ್ಟಿನ ಕಿಣ್ವದ ಚಾತುರ್ಯ ಇರುವುದು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ. ಯಾವ ಸುತ್ತಿನಲ್ಲಿ ಎಷ್ಟು ತಿದ್ದಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅದು ಸುತ್ತಿನಿಂದ ಸುತ್ತಿಗೆ ಬದಲಿಸುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಎರಿಥ್ರೊಮೈಸಿನ್‌ನಂಥ ಪ್ರತಿಜೀವಕ ಕಟ್ಟುವ ಕಿಣ್ವಗಳಲ್ಲಿ ಪ್ರತಿ ಸುತ್ತಿಗೂ ಬೇರೆಯದೇ ಉಪಕರಣಗಳ ಜೋಡಿ ಸಾಲಾಗಿ ನಿಂತಿರುತ್ತದೆ, ಸಾಲನ್ನು ಓದಿದರೆ ಯಾವ ಅಣು ಹೊರಬರುತ್ತದೆಂದು ಹೆಚ್ಚುಕಡಿಮೆ ಊಹಿಸಬಹುದು. ಬೂಷ್ಟಿನಲ್ಲಿ ಇರುವುದು ಒಂದೇ ಜೋಡಿ ಉಪಕರಣ. ಅದನ್ನೇ ಮತ್ತೆ ಮತ್ತೆ ಬಳಸುತ್ತದೆ, ಆದರೆ ಪ್ರತಿ ಸಲವೂ ಬೇರೆ ರೀತಿಯಲ್ಲಿ. ಕೈಮಗ್ಗದ ಲಾಳಿ ಅದೇ, ಮಗ್ಗವೂ ಅದೇ, ಆದರೆ ಎಳೆಯಿಂದ ಎಳೆಗೆ ವಿನ್ಯಾಸ ಬದಲಾಗುತ್ತದೆ. ನೇಕಾರನಿಗೆ ಮುಂದೆ ಮಾದರಿಯಾದರೂ ಇರುತ್ತದೆ!

ಒಂಬತ್ತು ತುಣುಕು, 35 ಕ್ರಿಯೆ

ಲೋವ್-ಬಿ ಕಿಣ್ವದ ಕೆಲಸವನ್ನು ಸುತ್ತು ಸುತ್ತಾಗಿ ನೋಡಿದರೆ ಇದರ ಸೋಜಿಗ ಮನದಟ್ಟಾಗುತ್ತದೆ. ಒಟ್ಟು ಒಂಬತ್ತು ತುಣುಕುಗಳು ಸೇರಬೇಕು. ಎರಡನೆಯ ಮತ್ತು ಮೂರನೆಯ ತುಣುಕು ಸೇರಿದಾಗ ಕಿಣ್ವ ಎರಡೇ ಹಂತ ತಿದ್ದಿ ದ್ವಿಬಂಧವನ್ನು ಹಾಗೆಯೇ ಉಳಿಸುತ್ತದೆ. ನಾಲ್ಕನೆಯದು ಸೇರಿದ ಕೂಡಲೇ ಎಲ್ಲಿಯೂ ಮಾಡದ ಕೆಲಸವೊಂದನ್ನು ಮಾಡುತ್ತದೆ: ಸರಪಳಿಯ ಬದಿಗೆ ಮಿಥೈಲ್ ಗುಂಪೊಂದನ್ನು ಅಂಟಿಸಿ, ಮೂರೂ ಹಂತಗಳನ್ನು ಪೂರೈಸುತ್ತದೆ. ಐದನೆಯದರಲ್ಲಿ ಮತ್ತೆ ಮೂರೂ ಹಂತ, ಮಿಥೈಲ್ ಇಲ್ಲ. ಆರನೆಯದರಲ್ಲಿ ಪುನಃ ದ್ವಿಬಂಧಕ್ಕೇ ನಿಲುಗಡೆ.

ಈ ಘಟ್ಟದಲ್ಲಿ ಸರಪಳಿಗೆ 12 ಇಂಗಾಲಗಳ ಬೆನ್ನೆಲುಬು, ಮೂರು ದ್ವಿಬಂಧ. ಈಗ ಅದು ಬಾಗಿ ತನ್ನನ್ನು ತಾನೇ ತಬ್ಬಿಕೊಂಡು ಒಂದೇ ಏಟಿಗೆ ಎರಡು ಉಂಗುರಗಳಾಗುತ್ತದೆ. ರಸಾಯನಶಾಸ್ತ್ರದಲ್ಲಿ ಇದು ಡೀಲ್ಸ್-ಆಲ್ಡರ್ ಕ್ರಿಯೆ ಎಂದು ಪ್ರಸಿದ್ಧ. ಜರ್ಮನಿಯ ಒಟ್ಟೊ ಡೀಲ್ಸ್ ಮತ್ತು ಕುರ್ಟ್ ಆಲ್ಡರ್ 1928ರಲ್ಲಿ ಇದನ್ನು ವಿವರಿಸಿದರು, 1950ರಲ್ಲಿ ನೊಬೆಲ್ ಪಡೆದರು. ಫ್ಲೆಮಿಂಗ್ ತಮ್ಮ ತಟ್ಟೆಯ ಮೇಲೆ ಪೆನಿಸಿಲಿಯಂ ಬೂಷ್ಟನ್ನು ಗಮನಿಸಿದ್ದೂ 1928ರಲ್ಲೇ ಎಂಬುದು ಕಾಕತಾಳೀಯ. ಇಂಥ ಕ್ರಿಯೆ ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಜೀವಕೋಶದೊಳಗೂ ಕಿಣ್ವದ ಹಿಡಿತದಲ್ಲಿ ನಡೆಯುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘಕಾಲ ಜಿಜ್ಞಾಸೆಯಿತ್ತು. ಆ ಚರ್ಚೆಯಲ್ಲಿ ಲೋವ್-ಬಿ ಮುಖ್ಯ ಸಾಕ್ಷಿಯಾಯಿತು. ಕಿಣ್ವವಿಲ್ಲದೆ ಇದೇ ಸರಪಳಿಯನ್ನು ಉಂಗುರವಾಗಲು ಬಿಟ್ಟರೆ ಬೇರೆ ಬೇರೆ ರೂಪಗಳು ಮಿಶ್ರವಾಗಿ ಸಿಗುತ್ತವೆ, ಬೇಕಾದ ರೂಪವೇ ಸಿಗುವುದಿಲ್ಲ. ಕಿಣ್ವದ ಮಡಿಲಲ್ಲಾದರೆ ಲೋವಾಸ್ಟ್ಯಾಟಿನ್‌ಗೆ ತಕ್ಕ ರೂಪ ದೊರೆಯುತ್ತದೆ. 2017ರಲ್ಲಿ ಲೆಪ್-ಐ ಎಂಬ ಇನ್ನೊಂದು ಶಿಲೀಂಧ್ರ ಕಿಣ್ವವೂ ಇದೇ ಬಗೆಯ ಕ್ರಿಯೆ ನಡೆಸುವುದು ಪ್ರಕಟವಾದ ಮೇಲೆ ಹಳೆಯ ಅನುಮಾನಗಳಿಗೆ ಹೆಚ್ಚು ಎಡೆ ಉಳಿಯಲಿಲ್ಲ.

ಏಳನೆಯ ತುಣುಕಿಗೆ ಮೂರೂ ಹಂತಗಳ ತಿದ್ದುಪಡಿ. ಎಂಟು ಮತ್ತು ಒಂಬತ್ತನೆಯದಕ್ಕೆ ಮೊದಲ ಹಂತ ಮಾತ್ರ. ಅಂದರೆ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ತಿದ್ದದೆ ಬಿಟ್ಟುಬಿಡುತ್ತದೆ. ಇದು ಸೋಮಾರಿತನವೆಂದು ಕಂಡರೂ ಔಷಧದ ಮರ್ಮ ಇರುವುದೇ ಇಲ್ಲಿ. ಈ ಎರಡು ಹೈಡ್ರಾಕ್ಸಿಲ್‌ಗಳುಳ್ಳ ಬಾಲದ ಭಾಗವೇ ನಮ್ಮ ಯಕೃತ್ತಿನಲ್ಲಿರುವ ಕೊಲೆಸ್ಟರಾಲ್ ಕಿಣ್ವದ ಕೀಲಿರಂಧ್ರಕ್ಕೆ ಸರಿಯಾಗಿ ಕೂರುವ ನಕಲಿ ಕೀಲಿ. ಆ ಕಿಣ್ವ ಎಂದಿನಂತೆ ಹಿಡಿಯುವ ವಸ್ತುವನ್ನೇ ಅದು ಹೋಲುತ್ತದೆ. ಕೊನೆಯ ಎರಡು ಸುತ್ತುಗಳಲ್ಲೂ ಮೂರು ಹಂತ ಪೂರೈಸಿದ್ದರೆ ಹೊರಬರುತ್ತಿದ್ದುದು ಮದ್ದಲ್ಲ, ಕೆಲಸಕ್ಕೆ ಬಾರದ ಜಿಡ್ಡು.

ಹೀಗೆ ಸುಮಾರು 35 ರಾಸಾಯನಿಕ ಕ್ರಿಯೆಗಳು ನಡೆದು ಡೈಹೈಡ್ರೊಮೊನಾಕೊಲಿನ್-ಎಲ್ ಎಂಬ ಅರ್ಧ ಸಿದ್ಧವಾದ ಅಣು ಹೊರಬರುತ್ತದೆ.

ಇಲ್ಲೊಂದು ವಿಚಿತ್ರವಿದೆ. ಮೂರನೆಯ ಹಂತದ ತಿದ್ದುಪಡಿಗೆ ಬೇಕಾದ ವಿಭಾಗ ಲೋವ್-ಬಿ ಕಿಣ್ವದೊಳಗೆ ಇದ್ದೂ ಇಲ್ಲದಂತಿದೆ, ಅದು ಕೆಲಸ ಮಾಡುವುದಿಲ್ಲ. ಆ ಕೆಲಸಕ್ಕೆ ಲೋವ್-ಸಿ ಎಂಬ ಬೇರೊಂದು ಚಿಕ್ಕ ಕಿಣ್ವ ಹೊರಗಿನಿಂದ ಬರಬೇಕು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಸಂಶೋಧಕರು ಲೋವ್-ಬಿಯ ವಂಶವಾಹಿಯನ್ನು ಮಾತ್ರ ಮತ್ತೊಂದು ಶಿಲೀಂಧ್ರಕ್ಕೆ ಸೇರಿಸಿದಾಗ ಸರಪಳಿ ನಡುದಾರಿಯಲ್ಲೇ ಹಾದಿ ತಪ್ಪಿ ಬೇರೆ ವಸ್ತುಗಳು ಉಂಟಾದವು. ಲೋವ್-ಸಿ ಜೊತೆಗೂಡಿದಾಗಲಷ್ಟೇ ಕೆಲಸ ಸಸೂತ್ರವಾಗಿ ನಡೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ಯಿ ಟ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಇನ್ನೂ ಮುಂದೆ ಹೋದರು. ಯೀಸ್ಟ್‌ನಲ್ಲಿ ಲೋವ್-ಬಿಯನ್ನು ತಯಾರಿಸಿ ಶುದ್ಧಗೊಳಿಸಿ, ಲೋವ್-ಸಿಯೊಡನೆ ಬೆರೆಸಿ, ಜೀವಕೋಶದ ಹಂಗಿಲ್ಲದೆ ಗಾಜಿನ ಪಾತ್ರೆಯಲ್ಲೇ ಇಡೀ ಸರಣಿಯನ್ನು ನಡೆಸಿ ತೋರಿಸಿದರು. ಆದರೂ ಪಾತ್ರೆಯಲ್ಲಿ ಸಿದ್ಧವಾದ ಅಣು ಕಿಣ್ವವನ್ನು ಬಿಟ್ಟು ಕದಲುತ್ತಿರಲಿಲ್ಲ. ಬಾಣಲೆಯಿಂದ ದೋಸೆ ಎಬ್ಬಿಸುವ ಮಗುಚುವ ಕೈಯಂತೆ ಅದನ್ನು ಬಿಡಿಸುವ ಲೋವ್-ಜಿ ಎಂಬ ಕಿಣ್ವದ ಪಾತ್ರ 2013ರಲ್ಲಿ ತಿಳಿದುಬಂತು.

ಯಾವ ಸುತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಕಿಣ್ವ ನಿರ್ಧರಿಸುವುದು ಹೇಗೆ? ಬೆಳೆಯುತ್ತಿರುವ ಸರಪಳಿಯ ಉದ್ದ ಮತ್ತು ಆಕಾರ ಆಯಾ ವಿಭಾಗದ ಗೂಡಿಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದರ ಮೇಲೆ ಅದು ನಿಂತಿದೆ ಎಂಬುದು ಪ್ರಯೋಗಗಳಿಂದ ಕಂಡುಬಂದಿರುವ ಸಂಗತಿ. ಸರಪಳಿಯನ್ನು ಹಿಡಿಯಲು ಎರಡು ವಿಭಾಗಗಳ ನಡುವೆ ಪೈಪೋಟಿಯೂ ಉಂಟು. ಮಿಥೈಲ್ ಅಂಟಿಸುವ ವಿಭಾಗ ನಾಲ್ಕನೆಯ ಸುತ್ತಿನಲ್ಲಿ ಮಾತ್ರ ಮೇಲುಗೈ ಸಾಧಿಸುತ್ತದೆ. 2021ರಲ್ಲಿ ಶೈತ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಲೋವ್-ಬಿ ಮತ್ತು ಲೋವ್-ಸಿ ಜೊತೆಗೂಡಿರುವ ಚಿತ್ರ ದೊರಕಿತು. ಎರಡು ಲೋವ್-ಬಿಗಳು ಗುಣಾಕಾರದ ಚಿಹ್ನೆಯಂತೆ ಹೆಣೆದುಕೊಂಡಿದ್ದು, ಬದಿಗಳಲ್ಲಿ ಲೋವ್-ಸಿ ಅಂಟಿಕೊಂಡಿರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಮ್ಮಟದ ನಕ್ಷೆ ಸಿಕ್ಕಿತು. ಆದರೆ ಹೊಸದೊಂದು ಶಿಲೀಂಧ್ರ ಕಿಣ್ವದ ವಂಶವಾಹಿಯನ್ನು ಓದಿ, ಅದು ಯಾವ ಅಣು ಕಟ್ಟುತ್ತದೆಂದು ಖಚಿತವಾಗಿ ಹೇಳುವ ಮಟ್ಟಕ್ಕೆ ವಿಜ್ಞಾನ ಇನ್ನೂ ಮುಟ್ಟಿಲ್ಲ.

ಕೊನೆಯ ಬೆಸುಗೆ, ಕಾರ್ಖಾನೆಯ ಲಾಭ

ಉಳಿದ ಕೆಲಸ ಚಿಕ್ಕದು. ಲೋವ್-ಎ ಎಂಬ ಕಿಣ್ವ ಉಂಗುರದಲ್ಲಿ ಇನ್ನೊಂದು ದ್ವಿಬಂಧವನ್ನೂ ಒಂದು ಹೈಡ್ರಾಕ್ಸಿಲ್ ಗುಂಪನ್ನೂ ಉಂಟುಮಾಡಿ ಮೊನಾಕೊಲಿನ್-ಜೆ ಎಂಬ ವಸ್ತುವನ್ನು ಕೊಡುತ್ತದೆ. ಲೋವ್-ಎಫ್ ಎಂಬ ಮತ್ತೊಂದು ದೊಡ್ಡ ಕಿಣ್ವ ಪಕ್ಕದಲ್ಲಿ ಚಿಕ್ಕದೊಂದು ಸರಪಳಿಯನ್ನು ತಯಾರಿಸಿ ಇಟ್ಟಿರುತ್ತದೆ. ಲೋವ್-ಬಿ ಎಂಟು ಸಲ ಸುತ್ತಿದರೆ ಇದು ಒಂದೇ ಸುತ್ತಿಗೆ ಸುಮ್ಮನಾಗುತ್ತದೆ. ಈ ಎರಡನ್ನೂ ಬೆಸೆಯುವುದು ಲೋವ್-ಡಿ. ಬೆಸುಗೆ ಮುಗಿದರೆ ಲೋವಾಸ್ಟ್ಯಾಟಿನ್ ಸಿದ್ಧ.

ಔಷಧ ಉದ್ಯಮದ ಕಣ್ಣು ಬಿದ್ದಿದ್ದು ಈ ಲೋವ್-ಡಿ ಮೇಲೆ. ಕಾರಣ, ಸಿಮ್ವಾಸ್ಟ್ಯಾಟಿನ್. ಲೋವಾಸ್ಟ್ಯಾಟಿನ್‌ನ ಬದಿಯ ಚಿಕ್ಕ ಸರಪಳಿಗೆ ಒಂದು ಮಿಥೈಲ್ ಹೆಚ್ಚುವರಿ ಸೇರಿಸಿದರೆ ದೊರೆಯುವ ಈ ಔಷಧದ ಮಹತ್ವವನ್ನು 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನ ಜಗಜ್ಜಾಹೀರು ಮಾಡಿತು. 4444 ಹೃದ್ರೋಗಿಗಳ ಮೇಲೆ ನಡೆದ ಆ ಅಧ್ಯಯನದಲ್ಲಿ ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 30ರಷ್ಟು ತಗ್ಗಿತು. ಆದರೆ ಇದು ಬೂಷ್ಟಿನಲ್ಲಿ ನೇರವಾಗಿ ಸಿಗುವುದಿಲ್ಲ. ಲೋವಾಸ್ಟ್ಯಾಟಿನ್‌ನ ಬದಿಯ ಸರಪಳಿಯನ್ನು ಕತ್ತರಿಸಿ, ಬೇಡದ ತಾಣಗಳಿಗೆ ತಾತ್ಕಾಲಿಕ ಮುಸುಕು ಹೊದಿಸಿ, ಹೊಸ ಸರಪಳಿ ಅಂಟಿಸಿ, ಮುಸುಕು ತೆಗೆಯಬೇಕಿತ್ತು. ಪ್ರತಿ ಹಂತಕ್ಕೂ ಅಪಾಯಕಾರಿ ದ್ರಾವಕಗಳು, ಪ್ರತಿ ಹಂತದಲ್ಲೂ ನಷ್ಟ.

ಲೋವ್-ಡಿ ಕಿಣ್ವಕ್ಕೆ ಹೊಸ ಸರಪಳಿಯನ್ನೇ ಕೊಟ್ಟರೆ ಬೆಸೆಯಲಾರದೇ ಎಂದು ಟ್ಯಾಂಗ್ ತಂಡ ಪರೀಕ್ಷಿಸಿತು. ಬೆಸೆಯಿತು, ಆದರೆ ಬಲು ನಿಧಾನವಾಗಿ. ಆಗ ಕೊಡೆಕ್ಸಿಸ್ ಎಂಬ ಅಮೆರಿಕದ ಕಂಪನಿ ಕಿಣ್ವವನ್ನು ಪಳಗಿಸುವ ಕೆಲಸಕ್ಕೆ ಇಳಿಯಿತು. ಒಳ್ಳೆಯ ತಳಿಯ ಬಿತ್ತನೆ ಬೀಜವನ್ನು ಪೀಳಿಗೆಯಿಂದ ಪೀಳಿಗೆಗೆ ಆಯ್ದು ಬೆಳೆಸುವ ರೈತನಂತೆ, ವಂಶವಾಹಿಯಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿ, ಉತ್ತಮವಾದುದನ್ನು ಆರಿಸಿ, ಮತ್ತೆ ಬದಲಾಯಿಸುವ ಕ್ರಮ ಇದು. ಇಂಥ ಒಂಬತ್ತು ಸುತ್ತು ನಡೆದ ಬಳಿಕ ದೊರೆತ ಕಿಣ್ವದಲ್ಲಿ 29 ಕಡೆ ಅಮೈನೋ ಆಮ್ಲಗಳು ಬದಲಾಗಿದ್ದವು, ಚುರುಕು ಸುಮಾರು ಸಾವಿರ ಪಟ್ಟು ಹೆಚ್ಚಿತ್ತು. ಬದಲಾವಣೆಗಳಲ್ಲಿ ಹಲವು ಕ್ರಿಯೆ ನಡೆಯುವ ತಾಣದಿಂದ ದೂರದಲ್ಲಿದ್ದವು, ಲೆಕ್ಕ ಹಾಕಿ ಮುಂಚಿತವಾಗಿ ಊಹಿಸುವಂಥವಾಗಿರಲಿಲ್ಲ. ಈ ವಿಧಾನಕ್ಕೆ 2012ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನ ಪ್ರಶಸ್ತಿ ದೊರೆಯಿತು.

ಬೂಷ್ಟು ಮತ್ತು ಕಿಣ್ವಗಳ ಈ ಉದ್ಯಮದಲ್ಲಿ ಬೆಂಗಳೂರಿಗೂ ಪಾಲಿದೆ. 1978ರಲ್ಲಿ ಕಿರಣ್ ಮಜುಂದಾರ್ ಷಾ ಸ್ಥಾಪಿಸಿದ ಬಯೋಕಾನ್ ಮೊದಲಿಗೆ ತಯಾರಿಸುತ್ತಿದ್ದುದು ಪರಂಗಿ ಹಾಲಿನಿಂದ ಪಡೆಯುವ ಪಪೈನ್ ಕಿಣ್ವದಂಥ ಪದಾರ್ಥಗಳನ್ನು. ಮುಂದೆ, ಧಾನ್ಯದ ಮೇಲೆ ಬೂಷ್ಟು ಬೆಳೆಸುವ ಜಪಾನೀ ಕೋಜಿ ಪದ್ಧತಿಯ ಮಾದರಿಯಲ್ಲಿ ಘನ ಮಾಧ್ಯಮದ ಹುದುಗು ತಂತ್ರವನ್ನು ರೂಢಿಸಿಕೊಂಡ ಕಂಪನಿ ಸ್ಟ್ಯಾಟಿನ್‌ಗಳತ್ತ ಹೊರಳಿತು. 2001ರಲ್ಲಿ ಲೋವಾಸ್ಟ್ಯಾಟಿನ್ ತಯಾರಿಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಕಿಣ್ವದ ಕಂಪನಿಯೊಂದು ಔಷಧ ಕಂಪನಿಯಾಗಿ ಬದಲಾದುದರ ಹಿಂದೆ ಹೀಗೆ ಬೂಷ್ಟಿನ ಋಣವೂ ಉಂಟು.

ಪೆನಿಸಿಲಿನ್ ದಾರಿ ಬೇರೆ

ಎಲ್ಲ ಬೂಷ್ಟುಗಳೂ ಇಂಗಾಲದ ದಂಡೆಯನ್ನೇ ಕಟ್ಟುತ್ತವೆ ಎಂದಲ್ಲ. ಪೆನಿಸಿಲಿನ್ ತಯಾರಾಗುವುದು ಅಮೈನೋ ಆಮ್ಲಗಳಿಂದ. ಮೂರು ಅಮೈನೋ ಆಮ್ಲಗಳನ್ನು ಒಂದು ದೈತ್ಯ ಕಿಣ್ವ ಪೋಣಿಸುತ್ತದೆ. ಬಳಿಕ ಕಬ್ಬಿಣದ ಪರಮಾಣುವೊಂದನ್ನು ಒಡಲಲ್ಲಿಟ್ಟುಕೊಂಡ ಎರಡನೆಯ ಕಿಣ್ವ, ಗಾಳಿಯ ಆಮ್ಲಜನಕದ ಒಂದು ಅಣುವನ್ನು ಬಳಸಿ, ಸರಪಳಿಯಿಂದ ನಾಲ್ಕು ಜಲಜನಕ ಪರಮಾಣುಗಳನ್ನು ಕಿತ್ತು ಎರಡು ಅಣು ನೀರನ್ನಾಗಿಸುತ್ತದೆ. ಅಷ್ಟರಲ್ಲಿ ಎರಡು ಉಂಗುರಗಳು ಮೂಡಿರುತ್ತವೆ. ಇವುಗಳಲ್ಲಿ ಒಂದು, ರೋಗಾಣುಗಳನ್ನು ಕೊಲ್ಲುವ ಪ್ರಸಿದ್ಧವಾದ ನಾಲ್ಕು ಪರಮಾಣುಗಳ ಬಿಗಿ ಉಂಗುರ. ಮೂರನೆಯ ಕಿಣ್ವ ಬಾಲವನ್ನು ಬದಲಿಸಿದರೆ ಕೆಲಸ ಮುಗಿಯಿತು. ಅಮೆರಿಕದ ಜಾನ್ ಶೀಹನ್ ಇದೇ ಉಂಗುರವನ್ನು ಪ್ರಯೋಗಶಾಲೆಯಲ್ಲಿ ಕಟ್ಟಲು 1948ರಿಂದ 1957ರವರೆಗೆ ಒಂಬತ್ತು ವರ್ಷ ಶ್ರಮಿಸಬೇಕಾಯಿತು. ಆಮೇಲೂ ಕಾರ್ಖಾನೆಗಳು ಬೂಷ್ಟನ್ನೇ ನೆಚ್ಚಿಕೊಂಡವು, ಇಂದಿಗೂ ನೆಚ್ಚಿಕೊಂಡಿವೆ.

ಅದೇ ಕಮ್ಮಟದಲ್ಲಿ ವಿಷ

ಮದ್ದು ಕಟ್ಟುವ ವಿದ್ಯೆ ವಿಷ ಕಟ್ಟಲೂ ಬರುತ್ತದೆ. ಆಸ್ಪರ್ಜಿಲ್ಲಸ್ ಟೆರಿಯಸ್‌ನ ದಾಯಾದಿಯಾದ ಆಸ್ಪರ್ಜಿಲ್ಲಸ್ ಫ್ಲೇವಸ್, ಕಡಲೆಕಾಯಿ ಮತ್ತು ಮೆಕ್ಕೆಜೋಳದ ಮೇಲೆ ಬೆಳೆದು ಅಫ್ಲಾಟಾಕ್ಸಿನ್ ಎಂಬ ಯಕೃತ್ತಿನ ಕ್ಯಾನ್ಸರ್‌ಕಾರಕ ವಿಷವನ್ನು ಉತ್ಪಾದಿಸುತ್ತದೆ. ಇದೂ ಪಾಲಿಕೀಟೈಡ್ ಸಿಂಥೇಸ್ ಕಿಣ್ವದ್ದೇ ಕೈಚಳಕ. ಇದರ ಹಿಂದೆ 25ಕ್ಕೂ ಹೆಚ್ಚು ವಂಶವಾಹಿಗಳು ಒಂದೇ ಕಡೆ ಗುಂಪುಗೂಡಿವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಭಾರತದಲ್ಲಿ ನಡೆದುದು ಇನ್ನೂ ಘೋರ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗ್ರಾಮಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಡವರ ಮನೆಯ ಕಣಜದಲ್ಲಿ ಬೇರೆ ಧಾನ್ಯವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಬೂಷ್ಟಿನ ಮದ್ದನ್ನು ನಿಗಾ ಇಲ್ಲದೆ ಆಹಾರವೆಂಬಂತೆ ಮಾರುವುದರಲ್ಲೂ ಅಪಾಯವಿದೆ. ಮೊನಾಸ್ಕಸ್ ಬೆಳೆಸಿದ ಕೆಂಪು ಅಕ್ಕಿಯ ಗುಳಿಗೆಗಳು ಸಹಜ ಪೂರಕ ಆಹಾರವೆಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಮಾರಾಟವಾಗುತ್ತವೆ. ಅದರೊಳಗಿನ ಮೊನಾಕೊಲಿನ್-ಕೆ ಎಂದರೆ ಲೋವಾಸ್ಟ್ಯಾಟಿನ್ನೇ ಆದ್ದರಿಂದ ಔಷಧದ ಅಡ್ಡಪರಿಣಾಮಗಳೂ ಅಲ್ಲಿರುತ್ತವೆ. ದಿನದ ಪ್ರಮಾಣ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ಐರೋಪ್ಯ ಒಕ್ಕೂಟ 2022ರಲ್ಲಿ ಕಟ್ಟಳೆ ವಿಧಿಸಿತು. 2024ರಲ್ಲಿ ಜಪಾನಿನಲ್ಲಿ ಇಂಥ ಗುಳಿಗೆ ಸೇವಿಸಿದ ನೂರಾರು ಮಂದಿ ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಅಲ್ಲಿ ತಪ್ಪು ಮೊನಾಸ್ಕಸ್‌ನದಾಗಿರಲಿಲ್ಲ. ತಯಾರಿಕೆಯ ವೇಳೆ ಪೆನಿಸಿಲಿಯಂ ಜಾತಿಯ ಬೇರೊಂದು ಬೂಷ್ಟು ಸೇರಿಕೊಂಡು ಪ್ಯುಬೆರುಲಿಕ್ ಆಮ್ಲ ಎಂಬ ವಸ್ತುವನ್ನು ಉತ್ಪಾದಿಸಿತ್ತು.

ಮಲಗಿರುವ ವಂಶವಾಹಿಗಳು

ವಿಷವಾಗಲಿ ಮದ್ದಾಗಲಿ, ಅದನ್ನು ಕಟ್ಟುವ ಕಿಣ್ವಗಳ ವಂಶವಾಹಿಗಳು ಶಿಲೀಂಧ್ರದ ವರ್ಣತಂತುವಿನ ಮೇಲೆ ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ ಒಕ್ಕಲು ಹೂಡಿರುತ್ತವೆ. 2005ರಲ್ಲಿ ಮೂರು ಆಸ್ಪರ್ಜಿಲ್ಲಸ್ ಶಿಲೀಂಧ್ರಗಳ ಸಂಪೂರ್ಣ ತಳಿನಕ್ಷೆ ಪ್ರಕಟವಾದಾಗ ಇಂಥ ಗುಂಪುಗಳು ಒಂದೊಂದರಲ್ಲೂ ಹಲವು ಹತ್ತು ಇರುವುದು ಬೆಳಕಿಗೆ ಬಂತು. ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆದ ಬೂಷ್ಟು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ ಬಳಸುತ್ತದೆ, ಉಳಿದವು ಮಲಗಿರುತ್ತವೆ. ಎದುರಾಳಿಯಿಲ್ಲದ ತಟ್ಟೆಯಲ್ಲಿ ಆಯುಧಗಳನ್ನು ಹೊರತೆಗೆಯುವ ಅಗತ್ಯ ಬೂಷ್ಟಿಗಾದರೂ ಏನಿದೆ? ಇವುಗಳ ಒಡೆತನ ನೋಡಿಕೊಳ್ಳುವ ಲೇ-ಎ ಎಂಬ ನಿಯಂತ್ರಕವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನ್ಯಾನ್ಸಿ ಕೆಲ್ಲರ್ ತಂಡ 2004ರಲ್ಲಿ ವರದಿ ಮಾಡಿತು. ಅದನ್ನು ತೆಗೆದುಹಾಕಿದರೆ ಒಂದು ಜಾತಿಯ ಬೂಷ್ಟಿನಲ್ಲಿ ವಿಷವೂ ಇನ್ನೊಂದರಲ್ಲಿ ಲೋವಾಸ್ಟ್ಯಾಟಿನ್ನೂ ನಿಂತುಹೋಗುತ್ತವೆ.

ಮಲಗಿರುವ ನೂರಾರು ಗುಂಪುಗಳಲ್ಲಿ ಯಾವುದನ್ನು ಎಬ್ಬಿಸಿದರೆ ಪ್ರಯೋಜನ? ಇದಕ್ಕೊಂದು ಸುಳಿವನ್ನು ಬೂಷ್ಟೇ ಬಿಟ್ಟುಕೊಟ್ಟಿದೆ. ಲೋವಾಸ್ಟ್ಯಾಟಿನ್ ಬೂಷ್ಟಿನ ಸ್ವಂತ ಕಿಣ್ವಕ್ಕೂ ಮಾರಕ. ತಾನು ಕಟ್ಟಿದ ಅಸ್ತ್ರ ತನಗೇ ತಿರುಗಬಾರದೆಂದು ಆಸ್ಪರ್ಜಿಲ್ಲಸ್ ಟೆರಿಯಸ್ ಆ ಕಿಣ್ವದ ಹೆಚ್ಚುವರಿ ಪ್ರತಿಯೊಂದನ್ನು ಲೋವ್ ವಂಶವಾಹಿಗಳ ಗುಂಪಿನಲ್ಲಿಯೇ ಇಟ್ಟುಕೊಂಡಿದೆ. ಹಾಗಾದರೆ ಗುಂಪಿನ ನಡುವೆ ಯಾವುದೋ ಮುಖ್ಯ ಕಿಣ್ವದ ಹೆಚ್ಚುವರಿ ಪ್ರತಿ ಕಂಡರೆ, ಆ ಗುಂಪು ಕಟ್ಟುವ ಅಸ್ತ್ರದ ಗುರಿ ಅದೇ ಎಂದು ತಿಳಿಯಬಹುದು. ಸಸ್ಯಗಳಿಗೆ ಅತ್ಯಗತ್ಯವಾದ, ಪ್ರಾಣಿಗಳಲ್ಲಿ ಇಲ್ಲದ ಕಿಣ್ವವೊಂದನ್ನು ಆರಿಸಿಕೊಂಡು ಟ್ಯಾಂಗ್ ತಂಡ ಶಿಲೀಂಧ್ರಗಳ ತಳಿನಕ್ಷೆಗಳನ್ನು ಜಾಲಾಡಿತು. ಸುಳಿವು ಸಿಕ್ಕಿದ್ದು ಅದೇ ಆಸ್ಪರ್ಜಿಲ್ಲಸ್ ಟೆರಿಯಸ್‌ನಲ್ಲಿ! ಆ ಗುಂಪಿನ ವಂಶವಾಹಿಗಳನ್ನು ಯೀಸ್ಟ್‌ಗೆ ಸೇರಿಸಿದಾಗ ಆಸ್ಪ್‌ಟೆರಿಕ್ ಆಮ್ಲ ದೊರೆಯಿತು. 2018ರಲ್ಲಿ ಪ್ರಕಟವಾದ ಈ ಸಂಶೋಧನೆಯಂತೆ ಅದು ಹೊಸ ಬಗೆಯಲ್ಲಿ ಕೆಲಸ ಮಾಡುವ ಕಳೆನಾಶಕ. ಬೂಷ್ಟಿನ ಆತ್ಮರಕ್ಷಣೆಯ ಪ್ರತಿಯನ್ನು ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡಗಳಿಗೆ ಅಳವಡಿಸಿ ಅದನ್ನು ಸಿಂಪಡಿಸಿ ನೋಡಿದಾಗ, ಆ ಗಿಡಗಳು ಹಸಿರಾಗಿಯೇ ಉಳಿದವು.